ಹೊಸ ಗಾಡಿಯಲ್ಲಿ ದೋಷ ಇದ್ದರೆ ದುಡ್ಡು ವಾಪಸ್ ಪಡೆಯುವುದು ಹೇಗೆ? ಕಾಸರಗೋಡಿನವರಿಗೆ ಹಂತ ಹಂತದ ಮಾರ್ಗದರ್ಶಿ

"ಮಂಗಳೂರಿನ ಶೋರೂಂನಿಂದ ಗಾಡಿ ತಂದೆ. ತಂದ ತಿಂಗಳಿನಿಂದಲೇ ತೊಂದರೆ. ಸರಿ ಮಾಡಿ ಕೊಡುತ್ತೇವೆ ಅನ್ನುತ್ತಾರೆ, ಸರಿಯಾಗುವುದೇ ಇಲ್ಲ. ದುಡ್ಡು ವಾಪಸ್ ಕೇಳಬಹುದಾ? ಕೇಸು ಹಾಕಲು ಮಂಗಳೂರಿಗೇ ಹೋಗಬೇಕಾ?" ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ವಾಪಸ್ ಕೇಳಬಹುದು, ಆದರೆ ಗಾಡಿಯಲ್ಲಿ ದೋಷ ಇದೆ ಎಂದು ತೋರಿಸಿಕೊಡಬೇಕಾದವರು ನೀವು. ಕೇಸಿಗಾಗಿ ತಲಪಾಡಿ ಗಡಿ ದಾಟಬೇಕಾಗಿಲ್ಲ. ಗಾಡಿಯನ್ನು ಮಂಗಳೂರಿನಲ್ಲಿ ಕೊಂಡಿರಲಿ, ಬೆಂಗಳೂರಿನಲ್ಲಿ ಕೊಂಡಿರಲಿ, ನಿಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಈ ಹಕ್ಕು ಕೊಟ್ಟಿದೆ. 1986ರ ಹಳೇ ಕಾಯ್ದೆಯಲ್ಲಿ ಇದು ಇರಲಿಲ್ಲ. ಮಾರಿದವರು ಇರುವ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಬೇಕಿತ್ತು. ಒಂದು ರಾಜ್ಯದಲ್ಲಿ ಮನೆ, ಇನ್ನೊಂದು ರಾಜ್ಯದಲ್ಲಿ ಪೇಟೆ ಇರುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಹೊಸ ಕಾಯ್ದೆಯಲ್ಲಿ ಬೇರೆ ಇಲ್ಲ ಅಂತ ನನಗನ್ನಿಸುತ್ತದೆ. ಅದು ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಬಿಲ್ಲಿನ ಕೆಳಗೆ "ವ್ಯಾಜ್ಯಗಳು ಮಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ" ಎಂದು ಅಚ್ಚಾಗಿರುತ್ತದೆ. ಅದನ್ನು ನೋಡಿ ಹಿಂದೆ ಸರಿಯಬೇಡಿ.

ಹಂತ 1: ನೀವು 'ಗ್ರಾಹಕ' ಹೌದಾ ನೋಡಿಕೊಳ್ಳಿ

ಮನೆ ಬಳಕೆಗೆ ಗಾಡಿ ಕೊಂಡವರು ಗ್ರಾಹಕರು, ಅದರಲ್ಲಿ ಪ್ರಶ್ನೆ ಇಲ್ಲ. ಬಾಡಿಗೆ ಗಾಡಿಯ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಬೇಕು. ವ್ಯಾಪಾರದ ಉದ್ದೇಶಕ್ಕೆ ಕೊಂಡದ್ದಾದರೆ ಈ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆಂದೇ ಕೊಂಡದ್ದಾದರೆ ಸಿಗುತ್ತದೆ. ಅಂದರೆ ನೀವೇ ಓಡಿಸುವ ಆಟೋ, ನೀವೇ ಓಡಿಸುವ ಪಿಕಪ್ ಇದ್ದರೆ ಹೆದರಬೇಡಿ. ದೂರಿನಲ್ಲಿ ಮಾತ್ರ "ಜೀವನೋಪಾಯಕ್ಕಾಗಿ, ಸ್ವಂತ ಉದ್ಯೋಗಕ್ಕಾಗಿ ಕೊಂಡದ್ದು" ಎಂಬ ಮಾತು ಸ್ಪಷ್ಟವಾಗಿ ಇರಲೇಬೇಕು. ಇದನ್ನು ಬರೆಯದಿದ್ದರೆ ಎದುರಿನ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಗಾಡಿ ಯಾರ ಹೆಸರಿನಲ್ಲಿದೆ? ನಮ್ಮಲ್ಲಿ ಮಗ ಗಲ್ಫ್‌ನಲ್ಲಿ, ಗಾಡಿ ಅವನ ಹೆಸರಿನಲ್ಲಿ, ಓಡಿಸುವುದು ಅಪ್ಪ. ಇಂಥ ಮನೆಗಳು ಬಹಳ. ಬಿಲ್ಲಿನಲ್ಲಿ ಹೆಸರಿರುವವರೇ ದೂರುದಾರರಾದರೆ ತಕರಾರು ಕಡಿಮೆ. ಅವರು ಊರಲ್ಲಿಲ್ಲದಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ತರಿಸಿಕೊಳ್ಳಿ.

ಹಂತ 2: ಪ್ರತಿ ಸಲವೂ ಜಾಬ್ ಕಾರ್ಡ್ ತೆಗೆದುಕೊಳ್ಳಿ

ಈ ಲೇಖನದಲ್ಲಿ ಒಂದೇ ಹಂತ ನೆನಪಿಡುವುದಾದರೆ ಇದನ್ನು ನೆನಪಿಡಿ. ಜಾಬ್ ಕಾರ್ಡ್ ಅಂದರೆ ಗಾಡಿಯನ್ನು ಸರ್ವೀಸಿಗೆ ಬಿಟ್ಟಾಗ ನಿಮ್ಮ ದೂರು, ತಾರೀಕು, ಓಡಿದ ಕಿಲೋಮೀಟರ್ ಬರೆದುಕೊಡುವ ಕಾಗದ. ಒಂದೇ ದೋಷಕ್ಕೆ ಗಾಡಿ ಎಷ್ಟು ಸಲ ಒಳಗೆ ಹೋಯಿತು, ಎಷ್ಟು ದಿನ ಅಲ್ಲೇ ಬಿದ್ದಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಅದರ ಮೇಲೆ ಅವರದೇ ಸಹಿ ಇರುತ್ತದಲ್ವಾ?

ತೊಂದರೆಯಾಗುವುದು ಬರೆಯುವ ರೀತಿಯಲ್ಲಿ. "ಗಾಡಿ ಏರು ಹತ್ತುವಾಗ ಎಂಜಿನ್ ಆಫ್ ಆಗುತ್ತದೆ" ಎಂದು ನೀವು ಹೇಳುತ್ತೀರಿ. ಸರ್ವೀಸ್ ಅಡ್ವೈಸರ್ "ಜನರಲ್ ಚೆಕಪ್" ಎಂದು ಬರೆಯುತ್ತಾನೆ. ನೀವು ಸಹಿ ಹಾಕಿ ಮನೆಗೆ ಬರುತ್ತೀರಿ. ಆಮೇಲೆ ಆಯೋಗದ ಮುಂದೆ ಆ ಕಾಗದ ಹೇಳುವುದು ಒಂದೇ: ಗಾಡಿ ಚೆನ್ನಾಗಿತ್ತು, ಸುಮ್ನೆ ಒಮ್ಮೆ ನೋಡಿ ಕೊಟ್ಟೆವು. ಹಾಗಾಗಿ ನೀವು ಹೇಳಿದ ಮಾತು ಹೇಳಿದ ಹಾಗೇ ಬರೆಯದೆ ಸಹಿ ಹಾಕಬೇಡಿ. ಬರೆಯಲು ಒಪ್ಪದಿದ್ದರೆ ಅಲ್ಲೇ ನಿಂತು ಶೋರೂಂನ ಇಮೇಲಿಗೋ ವಾಟ್ಸಾಪಿಗೋ ಅದೇ ಮಾತು ಕಳಿಸಿ: "ಇಂದು ಈ ಗಾಡಿಯನ್ನು ಈ ದೋಷಕ್ಕಾಗಿ ಬಿಟ್ಟಿದ್ದೇನೆ."

ಗಾಡಿ ವಾಪಸ್ ತರುವಾಗಲೂ ಇದೇ ಎಚ್ಚರ ಬೇಕು. "ಕೆಲಸ ತೃಪ್ತಿಕರವಾಗಿದೆ" ಎಂಬ ಸಾಲಿನ ಕೆಳಗೆ ಸಹಿ ಕೇಳುತ್ತಾರೆ. ಓಡಿಸಿ ನೋಡದೆ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ "ಪರೀಕ್ಷೆಗೆ ಒಳಪಟ್ಟು" ಎಂದು ನಿಮ್ಮ ಕೈಯಿಂದಲೇ ಬರೆಯಿರಿ.

ಇವುಗಳ ಜತೆ ಇಟ್ಟುಕೊಳ್ಳಬೇಕಾದವು: ಬುಕಿಂಗ್ ಫಾರಂ, ದುಡ್ಡು ಕೊಟ್ಟ ರಸೀದಿ, ತೆರಿಗೆ ಬಿಲ್, ವಾರಂಟಿ ಪುಸ್ತಕ, ಆರ್‌ಸಿ, ವಿಮೆ, ಲೋನ್ ಪತ್ರ. ದಾರಿಯಲ್ಲಿ ನಿಂತರೆ ಡ್ಯಾಶ್‌ಬೋರ್ಡಿನ ದೀಪ, ಕಿಲೋಮೀಟರ್ ಎರಡೂ ಕಾಣುವಂತೆ ವಿಡಿಯೋ ತೆಗೆಯಿರಿ. ಎಳೆದುಕೊಂಡು ಹೋದ ಗಾಡಿಯ ರಸೀದಿಯೂ ಬೇಕು. ಮೂಲ ವಿಡಿಯೋ ಫೋನಿನಿಂದ ಅಳಿಸಬೇಡಿ.

ಈ ಹಂತದಲ್ಲಿ ಜನ ಎಡವುವ ಕಡೆ ಮೂರು. ಮೊದಲನೆಯದು ಹೊರಗಿನ ಗ್ಯಾರೇಜು. ಮಂಗಳೂರಿಗೆ ಹೋಗುವುದು ದೂರ ಎಂದು ಪರಿಚಯದ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದರೆ "ಹೊರಗಿನವರು ಕೈ ಹಾಕಿದ್ದಾರೆ, ವಾರಂಟಿ ಇಲ್ಲ" ಎನ್ನುತ್ತಾರೆ. ಅದೇ ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರ ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇದ್ದರೆ ಅಲ್ಲಿಗೆ ಹೋಗಬಹುದು. ವಾರಂಟಿ ಕೊಡುವುದು ಕಂಪನಿ, ಕೊಂಡ ಶೋರೂಂಗೇ ಹೋಗಬೇಕೆಂದಿಲ್ಲ. ಎರಡನೆಯದು ಫ್ರೀ ಸರ್ವೀಸ್ ತಪ್ಪಿಸುವುದು. ಮೂರನೆಯದು ಹಾರ್ನ್, ಲೈಟ್, ಸ್ಪೀಕರ್ ಎಂದು ವಯರ್ ಕತ್ತರಿಸಿ ಜೋಡಿಸುವುದು. ವಿದ್ಯುತ್ ದೋಷ ಬಂದಾಗ ಪೂರ್ತಿ ತಪ್ಪು ಅದರ ಮೇಲೆ ಬೀಳುತ್ತದೆ.

ಹಂತ 3: ಏನು ಕೇಳಬೇಕೆಂದು ನಿರ್ಧರಿಸಿ

ಆಯೋಗ ಕೊಡಿಸಬಹುದಾದವು ಕಾಯ್ದೆಯ 39ನೇ ಸೆಕ್ಷನ್ನಿನಲ್ಲಿವೆ. ದೋಷ ಸರಿಪಡಿಸುವುದು, ಬೇರೆ ಗಾಡಿ ಕೊಡುವುದು, ಬೆಲೆಯನ್ನು ಬಡ್ಡಿಯೊಂದಿಗೆ ಹಿಂದಿರುಗಿಸುವುದು, ನಷ್ಟಕ್ಕೆ ಪರಿಹಾರ, ಕೇಸಿನ ಖರ್ಚು.

ಇಷ್ಟು ಸಲ ರಿಪೇರಿಯಾದರೆ ದುಡ್ಡು ವಾಪಸ್ ಎಂದು ಲೆಕ್ಕ ಹೇಳುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಒಂದು ಭಾಗ ಬದಲಿಸಿದರೆ ಸರಿಯಾಗುವ ದೋಷಕ್ಕೆ ಇಡೀ ಕಾರು ಬದಲಿಸಿ ಕೊಡಬೇಕಾಗಿಲ್ಲ, ವಾರಂಟಿಯಲ್ಲಿ ಹೇಳಿದಂತೆ ಆ ಭಾಗ ಬದಲಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಪೂರ್ತಿ ಹಣ ಸಿಗುವುದು 'ತಯಾರಿಕಾ ದೋಷ' ಸಾಬೀತಾದಾಗ. ಅಂದರೆ ನೀವು ಓಡಿಸಿದ ರೀತಿಯಿಂದ ಬಂದದ್ದಲ್ಲ, ಕಾರ್ಖಾನೆಯಿಂದ ಬರುವಾಗಲೇ ಇದ್ದ ದೋಷ. ಒಂದೇ ದೋಷ ಮತ್ತೆ ಮತ್ತೆ ಬರುತ್ತಿದ್ದರೆ, ಭಾಗ ಬದಲಿಸಿದರೂ ನಿಲ್ಲದಿದ್ದರೆ, ಬ್ರೇಕ್, ಸ್ಟಿಯರಿಂಗ್, ಬ್ಯಾಟರಿಯಂಥ ಜೀವಕ್ಕೆ ಅಪಾಯ ತರುವ ಭಾಗದಲ್ಲಿದ್ದರೆ ನಿಮ್ಮ ಕೇಸು ಗಟ್ಟಿ. ಎಸಿ ತಂಪಾಗುವುದಿಲ್ಲ, ಬಾಗಿಲು ಕಿರುಗುಟ್ಟುತ್ತದೆ ಎಂಬುದಕ್ಕೆ ಪೂರ್ತಿ ದುಡ್ಡು ಕೇಳಿದರೆ ಸಿಗುವುದು ಕಷ್ಟ.

ಇನ್ನು "ಮೂವತ್ತು ದಿನದ ಹಕ್ಕು" ಎಂದು ಕೆಲವರು ಕೇಳುತ್ತಾರೆ. ಅದು ಹೀಗಿದೆ. ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಬೋರ್ಡು ತೋರಿಸಿ ಇದನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ. ಆದರೆ ಇಲ್ಲಿಯೂ ದೋಷ ಇರಲೇಬೇಕು. ಬಣ್ಣ ಹಿಡಿಸಲಿಲ್ಲ, ಮೈಲೇಜು ಕಡಿಮೆ ಅನ್ನಿಸಿತು ಎಂದು ವಾಪಸ್ ಕೊಡುವ ಹಕ್ಕು ಇದಲ್ಲ.

ದೂರಿನಲ್ಲಿ ಕೇಳುವಾಗ ಎಲ್ಲವನ್ನೂ ಸಾಲಾಗಿ ಕೇಳಿ: ಬೆಲೆ ವಾಪಸ್, ಅದಾಗದಿದ್ದರೆ ಅದೇ ಮಾದರಿಯ ಹೊಸ ಗಾಡಿ, ಅದೂ ಆಗದಿದ್ದರೆ ಪೂರ್ತಿ ರಿಪೇರಿ ಮತ್ತು ವಾರಂಟಿ ವಿಸ್ತರಣೆ, ಜತೆಗೆ ಪರಿಹಾರ. ಒಂದನ್ನೇ ಕೇಳಿ ಅದು ಸಿಗದೆ ಹೋದರೆ ಬರಿಗೈಯಲ್ಲಿ ಬರಬೇಕಾಗುತ್ತದೆ.

ಹಂತ 4: ಶೋರೂಂಗೆ ಮತ್ತು ಕಂಪನಿಗೆ ಬರಹದಲ್ಲಿ ಕೇಳಿ

ಫೋನಿನಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ. ಒಂದು ಇಮೇಲ್, ಅದರ ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ. ಎರಡೂ ಶೋರೂಂಗೆ ಮತ್ತು ಗಾಡಿ ತಯಾರಿಸಿದ ಕಂಪನಿಯ ಗ್ರಾಹಕ ವಿಭಾಗಕ್ಕೆ. ಒಕ್ಕಣೆ ಹೀಗಿದ್ದರೆ ಸಾಕು:

"ನಾನು ಇಂಥ ತಾರೀಕಿಗೆ ಇಂಥ ಬಿಲ್ ನಂಬರಿನಲ್ಲಿ ಈ ಗಾಡಿ ಕೊಂಡಿದ್ದೇನೆ. ಚಾಸಿ ನಂಬರ್ ಇದು. ಈ ತಾರೀಕುಗಳಲ್ಲಿ ಈ ಜಾಬ್ ಕಾರ್ಡುಗಳ ಪ್ರಕಾರ ಇದೇ ದೋಷಕ್ಕಾಗಿ ಸರ್ವೀಸಿಗೆ ಬಿಟ್ಟಿದ್ದೇನೆ. ದೋಷ ಈಗಲೂ ಇದೆ. ಈ ಪತ್ರ ತಲುಪಿದ 15 ದಿನದೊಳಗೆ ಗಾಡಿಯ ಬೆಲೆ ಹಿಂದಿರುಗಿಸಬೇಕು ಅಥವಾ ದೋಷವಿಲ್ಲದ ಹೊಸ ಗಾಡಿ ಕೊಡಬೇಕು. ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ."

ಇದನ್ನು ಇಂಗ್ಲಿಷಿನಲ್ಲಿ ಬರೆಸಿ ಕಳಿಸಿ. ಕಂಪನಿಯ ಕಚೇರಿ ಚೆನ್ನೈಯಲ್ಲೋ ಪುಣೆಯಲ್ಲೋ ಇರುತ್ತದೆ. ಬೈಗುಳ ಬೇಡ, ನೋವು ತೋಡಿಕೊಳ್ಳುವುದೂ ಬೇಡ, ತಾರೀಕುಗಳೇ ಸಾಕು. ವಕೀಲರ ನೋಟಿಸ್ ಕಡ್ಡಾಯವಲ್ಲ, ಕೊಟ್ಟರೆ ಒಳ್ಳೆಯದು.

ಒಂದು ಮಾತು ಬಹಳ ಮುಖ್ಯ. ಸಿಟ್ಟಿನಲ್ಲಿ ಇಎಂಐ ನಿಲ್ಲಿಸಬೇಡಿ. ಸಾಲ ಕೊಟ್ಟದ್ದು ಬ್ಯಾಂಕು, ಗಾಡಿ ಕೊಟ್ಟದ್ದು ಶೋರೂಂ. ಕಂತು ತಪ್ಪಿದರೆ ಗಾಡಿ ಜಪ್ತಿಯಾಗುತ್ತದೆ, ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ, ಹಾಳಾಗುತ್ತದೆ, ಆಮೇಲೆ ಪರೀಕ್ಷೆ ಮಾಡಿಸಲು ಗಾಡಿಯೇ ನಿಮ್ಮ ಕೈಯಲ್ಲಿರುವುದಿಲ್ಲ. ವಿಮೆಯಿಂದ ರಿಪೇರಿ ಮಾಡಿಸುವ ಯೋಚನೆಯೂ ಬೇಡ. ಸಾಮಾನ್ಯ ವಾಹನ ವಿಮೆಯಲ್ಲಿ ಯಂತ್ರದ ಕೆಡುಕಿಗೆ ಹಣ ಸಿಗುವುದಿಲ್ಲ.

ಹಂತ 5: 1915ಕ್ಕೆ ಫೋನ್ ಮಾಡಿ

ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ದಾಖಲಿಸಿ ನಂಬರ್ ಕೊಡುತ್ತಾರೆ, ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ಕೆಲವು ಪ್ರಕರಣ ಇಲ್ಲೇ ಮುಗಿಯುತ್ತವೆ. ಆದರೆ ಇದು ನ್ಯಾಯಾಲಯವಲ್ಲ, ಆದೇಶ ಕೊಡುವ ಅಧಿಕಾರ ಇಲ್ಲ. ಇಲ್ಲಿ ದೂರು ಕೊಟ್ಟು ಕಾಯುತ್ತಿರುವಾಗಲೂ ಕೇಸು ಹಾಕುವ ಗಡುವು ಓಡುತ್ತಲೇ ಇರುತ್ತದೆ.

ಹಂತ 6: ಕಾಸರಗೋಡು ಜಿಲ್ಲಾ ಆಯೋಗಕ್ಕೆ ದೂರು

ಗಡುವು ಎರಡು ವರ್ಷ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಲೆಕ್ಕ. ತಡವಾದರೆ ಸರಿಯಾದ ಕಾರಣ ತೋರಿಸಿ ಅರ್ಜಿ ಕೊಡಬಹುದು, ಆದರೆ ಅದನ್ನು ನಂಬಿ ಕೂರಬೇಡಿ. "ಮುಂದಿನ ಸರ್ವೀಸಿನಲ್ಲಿ ನೋಡೋಣ" ಎಂದು ಶೋರೂಂನವರು ದಿನ ತಳ್ಳುವುದರಲ್ಲೇ ಎಷ್ಟೋ ಜನರ ಗಡುವು ಮುಗಿದುಹೋಗುತ್ತದೆ.

ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1000. ಸ್ಕೂಟರ್, ಬೈಕ್, ಆಟೋ ಹೆಚ್ಚಿನವು ಶುಲ್ಕವಿಲ್ಲದ ಸಾಲಿನಲ್ಲೇ ಬರುತ್ತವೆ.

ಇ-ಜಾಗೃತಿ ಎಂಬ ಸರಕಾರಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಬೇಕಾದದ್ದು ಇಷ್ಟು: ನಡೆದದ್ದನ್ನು ತಾರೀಕಿನ ಕ್ರಮದಲ್ಲಿ ಹೇಳುವ ದೂರು, ಅದು ಸತ್ಯ ಎಂಬ ಅಫಿಡವಿಟ್ ಅಂದರೆ ಪ್ರಮಾಣಪತ್ರ, ದಾಖಲೆಗಳ ಪ್ರತಿ, ವಾಸದ ಪುರಾವೆ. ವಾಸದ ಪುರಾವೆಯನ್ನು ಮರೆಯಬೇಡಿ. ಕಾಸರಗೋಡಿನಲ್ಲಿ ದೂರು ಕೊಡುವ ನಿಮ್ಮ ಹಕ್ಕು ನಿಂತಿರುವುದೇ ಅದರ ಮೇಲೆ. ಕನ್ನಡದಲ್ಲಿರುವ ದಾಖಲೆಗೆ ಅನುವಾದ ಲಗತ್ತಿಸಿ.

ಯಾರ ಮೇಲೆ ಕೊಡಬೇಕು? ಶೋರೂಂ ಮತ್ತು ಕಂಪನಿ, ಇಬ್ಬರ ಮೇಲೂ. ಒಬ್ಬರನ್ನು ಬಿಟ್ಟರೆ ಮಿಕ್ಕವರು ತಪ್ಪನ್ನು ಅವರ ಮೇಲೆ ಹಾಕುತ್ತಾರೆ. ಇದು ಬರೀ ಊಹೆ ಅಲ್ಲ. ಓಡಿದ ಹಳೇ ಕಾರನ್ನು ಹೊಸದೆಂದು ಡೀಲರ್ ಮಾರಿದ ಗೋವಾದ ಒಂದು ಪ್ರಕರಣದಲ್ಲಿ, ಡೀಲರ್ ತಾನಾಗಿ ಮಾಡಿದ ತಪ್ಪಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದೇ ರೀತಿ ತಯಾರಿಕಾ ದೋಷ ಬಂದಾಗ "ನಾವು ಮಾರುವವರು ಮಾತ್ರ" ಎನ್ನುತ್ತದೆ ಶೋರೂಂ. ಇಬ್ಬರೂ ಎದುರಿಗಿದ್ದರೆ ಹೊಣೆ ಯಾರದೆಂದು ಆಯೋಗ ತೀರ್ಮಾನಿಸುತ್ತದೆ.

ವಕೀಲರಿಲ್ಲದೆ ನೀವೇ ವಾದಿಸಬಹುದು. ಆದರೆ ಗಾಡಿಯ ಕೇಸಿನಲ್ಲಿ ತಜ್ಞರ ವರದಿ, ಪಾಟಿ ಸವಾಲು ಎಲ್ಲ ಬರುವುದರಿಂದ ಗೊತ್ತಿರುವ ವಕೀಲರು ಜತೆಗಿದ್ದರೆ ಮೇಲು. ಖರ್ಚು ಭರಿಸಲು ಆಗುವುದಿಲ್ಲ ಎನ್ನುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100.

ಹಂತ 7: ತಜ್ಞರ ವರದಿ

ಗೆಲ್ಲುವುದೂ ಸೋಲುವುದೂ ಇಲ್ಲೇ. ದೂರು ಕೊಟ್ಟ ಕೂಡಲೇ ಗಾಡಿಯನ್ನು ತಜ್ಞರಿಂದ ಪರೀಕ್ಷಿಸಲು ಪ್ರತ್ಯೇಕ ಅರ್ಜಿ ಹಾಕಿ. ಕೇರಳದ ಆಯೋಗಗಳು ಇದಕ್ಕೆ 'ಎಕ್ಸ್‌ಪರ್ಟ್ ಕಮಿಷನರ್' ಒಬ್ಬರನ್ನು ನೇಮಿಸುವುದು ರೂಢಿ. ಮೋಟಾರ್ ವಾಹನ ಇನ್‌ಸ್ಪೆಕ್ಟರ್, ಇಲ್ಲವೇ ಪೊವ್ವಲಿನ ಎಲ್‌ಬಿಎಸ್‌ನಂಥ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರನ್ನು ನೇಮಿಸಲು ಅರ್ಜಿಯಲ್ಲಿ ಕೇಳಿಕೊಳ್ಳಬಹುದು. ಅವರ ಸಂಭಾವನೆಯನ್ನು ಮೊದಲು ನೀವೇ ಕಟ್ಟಬೇಕಾಗುತ್ತದೆ. ಗೆದ್ದರೆ ಖರ್ಚಿನ ಜತೆ ಕೇಳಬಹುದು.

ನಿಮ್ಮ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಇದಕ್ಕೆ ಬದಲಿಯಾಗದು. ಅವರು ನಿಮ್ಮ ಕಡೆಯವರು ಎಂಬ ಒಂದೇ ಮಾತಿಗೆ ಅದು ಬಿದ್ದುಹೋಗುತ್ತದೆ. ತಯಾರಿಕಾ ದೋಷ ಇದೆ ಎಂದು ಸ್ವತಂತ್ರ ತಜ್ಞರು ಹೇಳಿದರೆ ಮಾತ್ರ ಹಣ ಹಿಂದಿರುಗಿಸುವ ಮಾತು ಎಂಬುದು 2010ರಲ್ಲಿ ಸುಪ್ರೀಂ ಕೋರ್ಟೇ ಒಂದು ಕಾರಿನ ಪ್ರಕರಣದಲ್ಲಿ ತೋರಿಸಿದ ದಾರಿ. ಪರೀಕ್ಷೆಯ ದಿನ ನೀವೂ ಅಲ್ಲಿರಿ. ದೋಷ ಯಾವಾಗ ಕಾಣಿಸುತ್ತದೆ ಎಂದು ತೋರಿಸಿಕೊಡಿ. ಎಂಜಿನ್ ಬಿಸಿಯಾದ ಮೇಲೆ ಬರುವ ದೋಷ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಕಾಣುವುದಿಲ್ಲ. ಅಂಥ ಕಡೆ "ಏರು ರಸ್ತೆಯಲ್ಲಿ ಓಡಿಸಿ ನೋಡಬೇಕು" ಎಂದು ಅರ್ಜಿಯಲ್ಲೇ ಬರೆಯಬೇಕು.

ಅಲ್ಲಿಯವರೆಗೆ ಗಾಡಿ ಓಡಿಸಬಹುದಾ? ಅಪಾಯಕಾರಿ ದೋಷವಾದರೆ ಖಂಡಿತ ಬೇಡ. ಬೇರೆ ದೋಷವಾದರೂ ಕಡಿಮೆ ಓಡಿಸಿ. ಜಾಸ್ತಿ ಕಿಲೋಮೀಟರ್ ಓಡಿದ ಗಾಡಿಗೆ ಪೂರ್ತಿ ಬೆಲೆ ಕೇಳಿದರೆ ಸವಕಳಿ ಎಂದು ಕಡಿತ ಆಗಬಹುದು.

ಹಂತ 8: ವಿಚಾರಣೆ

ನೋಟಿಸ್ ತಲುಪಿದ 30 ದಿನದೊಳಗೆ ಎದುರಿನವರು ಉತ್ತರ ಕೊಡಬೇಕು. ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ, ಅದಕ್ಕಿಂತ ಒಂದು ದಿನವೂ ಇಲ್ಲ. ಪರೀಕ್ಷೆ ಬೇಕಾದ ಕೇಸು ಐದು ತಿಂಗಳಲ್ಲಿ, ಬೇಡದ್ದು ಮೂರು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆಯಲ್ಲಿದೆ. ನಡೆಯುವುದು ಅದಕ್ಕಿಂತ ನಿಧಾನ, ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ವಿಡಿಯೋ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ನಡುವೆ ರಾಜಿ ಮಾತು ಬಂದರೆ ಬೇಡವೆನ್ನಬೇಡಿ, ಆದರೆ ಒಪ್ಪಂದ ಆಯೋಗದ ಮುಂದೆ ದಾಖಲಾಗಲಿ. ಶೋರೂಂನ ಕ್ಯಾಬಿನ್ನಿನಲ್ಲಿ ಕೂತು "ಕೇಸು ವಾಪಸ್ ತೆಗೆದರೆ ದುಡ್ಡು ಕೊಡುತ್ತೇವೆ" ಎಂಬ ಮಾತಿಗೆ ಸಹಿ ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ಗಾಡಿಯಾದರೆ

ಡೀಲರ್ ಹತ್ತಿರ ಕೊಂಡಿದ್ದರೆ ಮೇಲಿನ ಹಂತಗಳೇ. ಪಕ್ಕದ ಮನೆಯವರಿಂದ ಕೊಂಡದ್ದಾದರೆ ಗ್ರಾಹಕ ಆಯೋಗಕ್ಕೆ ಬರುವುದಿಲ್ಲ, ಸಿವಿಲ್ ಕೋರ್ಟಿನ ದಾರಿ. ಹಳೇ ಗಾಡಿಯಲ್ಲಿ ಸವೆತ ಸಹಜ, ಅದಕ್ಕೆ ದೂರು ನಿಲ್ಲುವುದಿಲ್ಲ. ನಿಲ್ಲುವುದು ಮುಚ್ಚಿಟ್ಟ ಸಂಗತಿಗೆ: ಕಿಲೋಮೀಟರ್ ತಿರುಚಿದ್ದು, ನೆರೆ ನೀರಿನಲ್ಲಿ ನಿಂತದ್ದು, ದೊಡ್ಡ ಅಪಘಾತವಾದದ್ದು. ಹಾಗಾಗಿ ಕೊಳ್ಳುವಾಗಲೇ "ಅಪಘಾತ ಆಗಿಲ್ಲ, ಕಿಲೋಮೀಟರ್ ಸರಿಯಿದೆ" ಎಂದು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಹಳೇ ಸರ್ವೀಸ್ ದಾಖಲೆ ಮತ್ತು ವಿಮಾ ಕ್ಲೇಮಿನ ಇತಿಹಾಸ ತೆಗೆಸಿ ನೋಡಿ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರುವ ಡೀಲರ್‌ಗಳಿಗೆ ಆರ್‌ಟಿಒ ಅಧಿಕಾರಪತ್ರದ ನಿಯಮ ಬಂದಿದೆ. ಅದನ್ನು ಕೇಳಿ ನೋಡಿ. ತೋರಿಸಲು ತಡವರಿಸುವವರಿಂದ ಕೊಳ್ಳದಿರುವುದೇ ಕ್ಷೇಮ.

ಹಂತ 9: ಆದೇಶ ಬಂದ ಮೇಲೆ

ಎದುರಿನವರು 45 ದಿನದೊಳಗೆ ತಿರುವನಂತಪುರದ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಹಾಕಬೇಕಾದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಕಟ್ಟಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ಜಿಲ್ಲಾ ಆಯೋಗದಲ್ಲೇ ಆದೇಶ ಜಾರಿಯ ಅರ್ಜಿ ಕೊಡಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಲೋನ್ ಇದ್ದರೆ ಬಾಕಿ ಎಷ್ಟೆಂದು ಬ್ಯಾಂಕಿನಿಂದ ಬರೆಸಿಕೊಳ್ಳಿ. ಬಂದ ದುಡ್ಡಿನಲ್ಲಿ ಅದನ್ನು ತೀರಿಸಿ ಎನ್‌ಒಸಿ, ಅಂದರೆ ಬ್ಯಾಂಕಿನ ತಕರಾರಿಲ್ಲ ಎಂಬ ಪತ್ರ, ಪಡೆದು ಆರ್‌ಸಿಯಲ್ಲಿರುವ ಹೈಪೋಥಿಕೇಶನ್, ಅಂದರೆ ಬ್ಯಾಂಕಿನ ಅಡಮಾನದ ನಮೂದು, ತೆಗೆಸಬೇಕು. ಗಾಡಿ ಒಪ್ಪಿಸುವಾಗ ತಾರೀಕು, ಸಮಯ, ಕಿಲೋಮೀಟರ್ ಬರೆದ ರಸೀದಿಗೆ ಶೋರೂಂನವರ ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ. ಆರ್‌ಸಿ ನಿಮ್ಮ ಹೆಸರಿನಿಂದ ಹೋಗಿದೆಯೇ ಎಂದು ಕೆಲವು ವಾರ ಬಿಟ್ಟು ಪರಿವಾಹನ್ ಜಾಲತಾಣದಲ್ಲಿ ನೋಡಿ. ಹೋಗದಿದ್ದರೆ ಆ ರಸೀದಿಯ ಪ್ರತಿಯೊಂದಿಗೆ ಆರ್‌ಟಿಒಗೆ ಬರೆದು ತಿಳಿಸಿ. ಇಲ್ಲವಾದರೆ ಆ ಗಾಡಿಯನ್ನು ಬೇರೆಯವರು ಓಡಿಸಿದರೂ ಕ್ಯಾಮೆರಾ ದಂಡದ ನೋಟಿಸ್ ನಿಮ್ಮ ಹೆಸರಿಗೇ ಬರುತ್ತದೆ.